ಬಾವಲಿಗಳಿಂದ ಮಾನವರಿಗೆ ವೈರಾಣುಗಳ ಹರಡುವಿಕೆ: ನಿಫಾ ಸೋಂಕಿನ ಕುರಿತು ಸಾರ್ವಜನಿಕ ಮಾಹಿತಿ

ಪೀಠಿಕೆ

ಮನೆಯ ಹಿತ್ತಲಿನಲ್ಲಿ, ದೇವಸ್ಥಾನದ ಮುಂದಿನ ಅರಳಿ ಮರದಲ್ಲಿ ಅಥವಾ ಶಾಲೆಯ ಆವರಣದಲ್ಲಿ ಬಾವಲಿಗಳು ನೆಲೆಸಿರುವುದರಿಂದ ರೋಗಭೀತಿ ಉಂಟಾಗಿದೆಯೆಂದೂ, ಅವುಗಳನ್ನು ಓಡಿಸಿಕೊಡಬೇಕು ಅಥವಾ ಮರವನ್ನೇ ತೆಗೆಸಿಕೊಡಬೇಕೆಂದೂ ಕೋರಿ ಸಾರ್ವಜನಿಕರು ಅರ್ಜಿ ಸಲ್ಲಿಸುವುದುಂಟು. ನೆರೆಯ ಕೇರಳ ರಾಜ್ಯದಲ್ಲಿ ನಿಫಾ ಪ್ರಕರಣಗಳು ವರದಿಯಾದ ಸಂದರ್ಭಗಳಲ್ಲಿ ಇಂತಹ ಆತಂಕ ಹೆಚ್ಚುವುದು ಸಹಜ. ಬಾವಲಿಗಳಲ್ಲಿರುವ ವೈರಾಣು ಮನುಷ್ಯರನ್ನು ಯಾವ ಮಾರ್ಗದಿಂದ ತಲುಪುತ್ತದೆ, ಈವರೆಗೆ ಎಲ್ಲೆಲ್ಲಿ ತಲುಪಿದೆ, ನಾಗರಿಕರು ಯಾವ ಸೇವೆಗಾಗಿ ಎಲ್ಲಿ ಅರ್ಜಿ ಸಲ್ಲಿಸಬಹುದು, ಯಾವ ಕೋರಿಕೆಗಳನ್ನು ಏಕೆ ಪುರಸ್ಕರಿಸಲಾಗುವುದಿಲ್ಲ ಎಂಬ ವಿವರಗಳನ್ನು ಇಲ್ಲಿ ನೀಡಲಾಗಿದೆ. ಅರ್ಜಿ ಸಲ್ಲಿಸುವ ಮುನ್ನ ಇದನ್ನು ಪೂರ್ಣವಾಗಿ ಓದಿಕೊಳ್ಳಬೇಕಾಗಿ ಕೋರಲಾಗಿದೆ.

ಬಾವಲಿಗಳು ಮತ್ತು ವೈರಾಣುಗಳು

ಬಾವಲಿಯು ಪಕ್ಷಿಯಲ್ಲ, ಹಾಲುಣಿಸಿ ಮರಿಗಳನ್ನು ಸಾಕುವ ಸಸ್ತನಿ. ಸಸ್ತನಿಗಳಲ್ಲಿ ರೆಕ್ಕೆ ಬಡಿದು ನಿಜವಾಗಿ ಹಾರಬಲ್ಲ ವರ್ಗ ಇದೊಂದೇ. ಪ್ರಪಂಚದಲ್ಲಿ 1,400ಕ್ಕೂ ಹೆಚ್ಚು ಪ್ರಭೇದಗಳನ್ನು ಗುರುತಿಸಲಾಗಿದೆ. ಇವುಗಳಲ್ಲಿ ಬಹುಪಾಲು ಕೀಟಗಳನ್ನು ತಿಂದು ಬದುಕುವ ಸಣ್ಣ ಬಾವಲಿಗಳು. ಮಾವು, ಪೇರಲ, ಅತ್ತಿ, ಬಾಳೆ, ಗೇರು ಮೊದಲಾದ ಹಣ್ಣುಗಳನ್ನು ತಿನ್ನುವ ದೊಡ್ಡ ಬಾವಲಿಗಳ ಗುಂಪು ಬೇರೆ. ಹಗಲಿನಲ್ಲಿ ಎತ್ತರದ ಮರಗಳಲ್ಲಿ ನೂರಾರು ಸಂಖ್ಯೆಯಲ್ಲಿ ತಲೆಕೆಳಗಾಗಿ ತೂಗುಬಿದ್ದಿರುವುದು, ಸಂಜೆಯಾಗುತ್ತಲೇ ಸಾಲುಗಟ್ಟಿ ಹೊರಡುವುದು ಈ ದೊಡ್ಡ ಬಾವಲಿಗಳೇ. ನಿಫಾ ವೈರಾಣುವಿನ ಸ್ವಾಭಾವಿಕ ಆಶ್ರಯ ಪ್ರಾಣಿಯೂ ಮುಖ್ಯವಾಗಿ ಇವೇ ಆಗಿವೆ. ಹಳೆಯ ಮನೆಗಳ ಸೂರಿನಲ್ಲಿಯೂ ಪಾಳುಬಿದ್ದ ಗುಡಿಗಳಲ್ಲಿಯೂ ಕಾಣುವ ಸಣ್ಣ ಬಾವಲಿಗಳನ್ನು ಇವುಗಳೊಂದಿಗೆ ಒಂದಾಗಿ ಎಣಿಸುವುದು ಸರಿಯಲ್ಲ.

ವೈರಾಣುವು ಬಾವಲಿಯ ದೇಹದಲ್ಲಿದ್ದರೂ ಅದಕ್ಕೆ ಸಾಮಾನ್ಯವಾಗಿ ಕಾಯಿಲೆ ಬರುವುದಿಲ್ಲ. ಬಹು ದೀರ್ಘಕಾಲ ಒಟ್ಟಿಗೆ ಇದ್ದು ಎರಡೂ ಹೊಂದಿಕೊಂಡಿವೆ. ಸೋಂಕಿತ ಬಾವಲಿಯ ಜೊಲ್ಲು, ಮೂತ್ರ ಮತ್ತು ಹಿಕ್ಕೆಗಳಲ್ಲಿ ವೈರಾಣು ಹೊರಬರುತ್ತದೆ. ಆದರೆ ಎಲ್ಲ ಬಾವಲಿಗಳಿಂದ, ಎಲ್ಲ ಕಾಲದಲ್ಲಿಯೂ ಅಲ್ಲ. ದೊಡ್ಡ ಬಾವಲಿಯು ಹಣ್ಣನ್ನು ಅಗಿದು ರಸವನ್ನು ಹೀರಿಕೊಂಡು ನಾರನ್ನು ಉಗುಳುವ ಸ್ವಭಾವದ್ದು. ಆದುದರಿಂದ ಅದು ಕಚ್ಚಿ ಬಿಟ್ಟ ಹಣ್ಣಿನಲ್ಲಿ ಮತ್ತು ಉಗುಳಿದ ಚರಟದಲ್ಲಿ ಜೊಲ್ಲು ಇದ್ದೇ ಇರುತ್ತದೆ.

ಮಂಗನ ಕಾಯಿಲೆಯೂ ಬಾವಲಿಯಿಂದಲೇ ಬರುತ್ತದೆಯೇ ಎಂದು ಮಲೆನಾಡಿನ ಭಾಗದವರು ಕೇಳುವುದುಂಟು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಅರಣ್ಯದಲ್ಲಿ ಮೊದಲು ಗುರುತಿಸಲಾದ ಆ ರೋಗವು ಉಣುಗುಗಳ ಕಡಿತದಿಂದ ಮನುಷ್ಯರಿಗೆ ತಗಲುತ್ತದೆ. ಎರಡೂ ಬೇರೆ ಬೇರೆ, ಮುಂಜಾಗ್ರತೆಗಳೂ ಬೇರೆ.

ಮಲೇಷ್ಯಾದಲ್ಲಿ ನಡೆದದ್ದು

ನಿಫಾ ಎಂಬ ಹೆಸರು ಮಲೇಷ್ಯಾದ ಸುಂಗೈ ನಿಫಾ ಎಂಬ ಹಳ್ಳಿಯಿಂದ ಬಂದಿದೆ. 1998ರ ಸೆಪ್ಟೆಂಬರ್ ತಿಂಗಳಿನಲ್ಲಿ ಆ ದೇಶದ ಪೆರಾಕ್ ರಾಜ್ಯದ ಇಪೋ ಪಟ್ಟಣದ ಸಮೀಪ ಹಂದಿ ಸಾಕಣೆದಾರರಲ್ಲಿ ತೀವ್ರ ಜ್ವರ ಮತ್ತು ಮೆದುಳಿನ ಉರಿಯೂತ ಕಾಣಿಸಿಕೊಂಡಿತು. ಹಂದಿಗಳಿರುವ ಊರು, ಮೆದುಳು ಜ್ವರ ಎಂದಮೇಲೆ ಇದು ಸೊಳ್ಳೆಯಿಂದ ಹರಡುವ ಜಪಾನೀಸ್ ಎನ್‌ಸೆಫಲೈಟಿಸ್ ಎಂದೇ ಭಾವಿಸಲಾಯಿತು. ಅದರಂತೆ ಸೊಳ್ಳೆ ನಾಶಕ್ಕೆ ಹೊಗೆ ಸಿಂಪಡಿಸಲಾಯಿತು; ಲಸಿಕೆಯನ್ನೂ ನೀಡಲಾಯಿತು. ರೋಗ ಮಾತ್ರ ನಿಲ್ಲಲಿಲ್ಲ.

ಈ ನಿರ್ಣಯಕ್ಕೆ ಹೊಂದದ ಸಂಗತಿಗಳು ಅಂದೇ ಇದ್ದವು. ಜಪಾನೀಸ್ ಎನ್‌ಸೆಫಲೈಟಿಸ್ ಸಾಮಾನ್ಯವಾಗಿ ಮಕ್ಕಳನ್ನು ಬಾಧಿಸುತ್ತದೆ. ಇಲ್ಲಿ ಕಾಯಿಲೆ ಬಿದ್ದವರು ಹಂದಿಗಳ ಮಧ್ಯೆ ಕೆಲಸ ಮಾಡುವ ವಯಸ್ಕ ಗಂಡಸರು. ಅದೇ ಊರಿನಲ್ಲಿ, ಅದೇ ಸೊಳ್ಳೆಗಳ ನಡುವೆ ವಾಸವಿದ್ದು ಹಂದಿಗಳ ಸಂಪರ್ಕವಿಲ್ಲದ ನೆರೆಹೊರೆಯವರಿಗೆ ಏನೂ ಆಗಿರಲಿಲ್ಲ. ಲಸಿಕೆ ಪಡೆದವರೂ ಕಾಯಿಲೆ ಬಿದ್ದರು. ಎಲ್ಲಕ್ಕಿಂತ ಮಿಗಿಲಾಗಿ, ಹಂದಿಗಳೇ ಜೋರಾಗಿ ಬೊಗಳಿದಂತೆ ಕೆಮ್ಮುತ್ತ ನರಳುತ್ತಿದ್ದವು. ಮಲಯ ವಿಶ್ವವಿದ್ಯಾಲಯದ ವೈರಾಣು ತಜ್ಞ ಡಾ. ಚುವಾ ಕಾವ್ ಬಿಂಗ್ ಅವರು 1999ರ ಮಾರ್ಚ್ ತಿಂಗಳಿನಲ್ಲಿ ರೋಗಿಯೊಬ್ಬರ ಮಾದರಿಯಿಂದ ಹೊಸ ವೈರಾಣುವನ್ನು ಬೇರ್ಪಡಿಸಿದರು. ಅಮೆರಿಕದ ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಅದು ಆಸ್ಟ್ರೇಲಿಯಾದ ಹೆಂಡ್ರಾ ವೈರಾಣುವಿಗೆ ಹತ್ತಿರದ್ದೆಂದು ತಿಳಿದುಬಂತು. ಹೆಂಡ್ರಾ ಸೋಂಕು 1994ರಲ್ಲಿ ಬ್ರಿಸ್ಬೇನ್ ನಗರದ ಕುದುರೆಗಳಲ್ಲಿ ಮತ್ತು ಅವುಗಳ ತರಬೇತುದಾರರಲ್ಲಿ ಕಂಡುಬಂದಿತ್ತು.

ವೈರಾಣು ಹಂದಿಗಳನ್ನು ತಲುಪಿದ ಬಗೆಯನ್ನು ಸಾಕಣೆದಾರರು ವಿಶೇಷವಾಗಿ ಗಮನಿಸಬೇಕು. ಮೊದಲು ರೋಗ ಕಂಡ ಸ್ಥಳವು ಸುಮಾರು 30 ಸಾವಿರ ಹಂದಿಗಳಿದ್ದ ದೊಡ್ಡ ಸಾಕಣೆ ಕೇಂದ್ರ. ಅದರ ದೊಡ್ಡಿಗಳಿಗೆ ತಾಗಿಕೊಂಡೇ ಮಾವಿನ ಮರಗಳನ್ನು ಬೆಳೆಸಲಾಗಿತ್ತು. ಬಾವಲಿಗಳು ಕಚ್ಚಿ ಬೀಳಿಸಿದ ಹಣ್ಣುಗಳು ದೊಡ್ಡಿಯೊಳಗೆ ಬಿದ್ದು ಹಂದಿಗಳ ಆಹಾರವಾದವು. ಹಂದಿಯಿಂದ ಹಂದಿಗೆ ಉಸಿರಿನ ಮೂಲಕ ಸೋಂಕು ಹಬ್ಬಿತು. ಅಷ್ಟು ದೊಡ್ಡ ಕೇಂದ್ರದಲ್ಲಿ ಮರಿಗಳು ನಿತ್ಯ ಹುಟ್ಟುತ್ತಲೇ ಇದ್ದುದರಿಂದ ವೈರಾಣುವಿಗೆ ಹೊಸ ದೇಹಗಳು ದೊರೆಯುತ್ತಲೇ ಇದ್ದವು. ರೋಗದ ಭಯದಿಂದ ಹಂದಿಗಳನ್ನು ಅವಸರವಾಗಿ ಮಾರಿದಾಗ ಅದು ದಕ್ಷಿಣದ ನೆಗೆರಿ ಸೆಂಬಿಲಾನ್ ರಾಜ್ಯಕ್ಕೂ, ಅಲ್ಲಿಂದ ಸಿಂಗಪುರದ ಕಸಾಯಿಖಾನೆಗೂ ಹೋಯಿತು. ಮಲೇಷ್ಯಾದಲ್ಲಿ 265 ಮಂದಿ ಸೋಂಕಿತರಾಗಿ 105 ಮಂದಿ ಮೃತಪಟ್ಟರು; ಸಿಂಗಪುರದಲ್ಲಿ 11 ಕಾರ್ಮಿಕರಿಗೆ ಸೋಂಕು ತಗಲಿ ಒಬ್ಬರು ಮೃತಪಟ್ಟರು. 10 ಲಕ್ಷಕ್ಕೂ ಹೆಚ್ಚು ಹಂದಿಗಳನ್ನು ಕೊಲ್ಲಬೇಕಾಯಿತು. ದೊಡ್ಡಿಯ ಬದಿಯಲ್ಲಿ ಹಣ್ಣಿನ ಮರ ಬೆಳೆಸುವುದು ಜಾಗ ಉಳಿಸುವ ಜಾಣತನವೆಂದು ಅಲ್ಲಿಯವರು ತಿಳಿದಿದ್ದರು. ನಮ್ಮ ರೈತರಲ್ಲಿಯೂ ಈ ಪದ್ಧತಿ ಅಪರೂಪವಲ್ಲ.

ಬಾಂಗ್ಲಾದೇಶ ಮತ್ತು ಪಶ್ಚಿಮ ಬಂಗಾಳ

ಬಾಂಗ್ಲಾದೇಶದಲ್ಲಿ 2001ರಲ್ಲಿ ಮೆಹರ್‌ಪುರ ಜಿಲ್ಲೆಯಲ್ಲಿ ಮೊದಲ ಬಾರಿಗೆ ಕಂಡ ನಿಫಾ, ಆ ಬಳಿಕ ಬಹುತೇಕ ಪ್ರತಿ ವರ್ಷ ಚಳಿಗಾಲದಲ್ಲಿ ಮರುಕಳಿಸಿದೆ. ಅಲ್ಲಿ ನಡುವೆ ಹಂದಿಯಿಲ್ಲ. ಈಚಲು ಮರದ ಕಾಂಡವನ್ನು ಕೆತ್ತಿ, ರಾತ್ರಿಯಿಡೀ ತೊಟ್ಟಿಕ್ಕುವ ರಸವನ್ನು ಮಡಕೆಯಲ್ಲಿ ಸಂಗ್ರಹಿಸಿ, ಬೆಳಗಿನ ಜಾವ ಹಸಿಯಾಗಿಯೇ ಕುಡಿಯುವುದು ಅಲ್ಲಿನ ವಾಡಿಕೆ. ಕತ್ತಲೆಯಲ್ಲಿ ಚಿತ್ರ ತೆಗೆಯಬಲ್ಲ ಕ್ಯಾಮೆರಾಗಳನ್ನು ಮರಗಳಿಗೆ ಕಟ್ಟಿ ನೋಡಿದಾಗ, ಬಾವಲಿಗಳು ಕೆತ್ತಿದ ಭಾಗವನ್ನು ನೆಕ್ಕುವುದೂ ಮಡಕೆಯ ಮೇಲೆಯೇ ಮೂತ್ರ ಮಾಡುವುದೂ ದಾಖಲಾಯಿತು. ಪರಿಹಾರವೂ ಸರಳವಾಗಿಯೇ ದೊರೆಯಿತು. ಬಿದಿರಿನ ಸೀಳು, ಸೆಣಬಿನ ಕಡ್ಡಿ ಅಥವಾ ಪ್ಲಾಸ್ಟಿಕ್ ಹಾಳೆಯಿಂದ ತಟ್ಟಿ ಮಾಡಿ ಕೆತ್ತಿದ ಭಾಗವನ್ನೂ ಮಡಕೆಯ ಬಾಯಿಯನ್ನೂ ಮುಚ್ಚಿದರೆ ಬಾವಲಿಗೆ ರಸ ಸಿಗುವುದಿಲ್ಲ. ರಸವನ್ನು ಕುದಿಸಿ ಬೆಲ್ಲ ಮಾಡಿದರೆ ವೈರಾಣು ನಾಶವಾಗುತ್ತದೆ. ರಸ ಹುಳಿತು ಹೆಂಡವಾದರೆ ಸಾಕು ಎಂಬ ನಂಬಿಕೆ ಸರಿಯಲ್ಲ. ಹೆಂಡ ಕುಡಿದವರಿಗೂ ಸೋಂಕು ತಗಲಿರುವುದು ಅಲ್ಲಿಯೇ ವರದಿಯಾಗಿದೆ.

ಪಶ್ಚಿಮ ಬಂಗಾಳದ ಸಿಲಿಗುರಿ ನಗರದಲ್ಲಿ 2001ರ ಆರಂಭದಲ್ಲಿ 66 ಮಂದಿಗೆ ಕಾಯಿಲೆ ತಗಲಿ 45 ಮಂದಿ ಮೃತಪಟ್ಟರು. ಅದು ನಿಫಾ ಎಂಬುದು ಖಚಿತವಾದದ್ದು ವರ್ಷಗಳ ನಂತರ, ಸಂಗ್ರಹಿಸಿಟ್ಟಿದ್ದ ಮಾದರಿಗಳನ್ನು ಪರೀಕ್ಷಿಸಿದಾಗ. ಅಲ್ಲಿ ಸೋಂಕು ತಗಲಿದವರಲ್ಲಿ ಬಹುಪಾಲು ಜನರು ಆಸ್ಪತ್ರೆಯ ಸಿಬ್ಬಂದಿ ಅಥವಾ ಒಳರೋಗಿಗಳನ್ನು ನೋಡಲು ಬಂದವರಾಗಿದ್ದರು. ಮನುಷ್ಯನಿಂದ ಮನುಷ್ಯನಿಗೆ ಈ ವೈರಾಣು ಹರಡಬಲ್ಲದು ಎಂಬುದಕ್ಕೆ ಇದು ಭಾರತದ ಮೊದಲ ನಿದರ್ಶನ. 2007ರಲ್ಲಿ ನಾದಿಯಾ ಜಿಲ್ಲೆಯಲ್ಲಿ ಸೋಂಕಿತರಾದ ಐವರೂ ಬದುಕುಳಿಯಲಿಲ್ಲ.

ಕೇರಳ ಮತ್ತು ಕರ್ನಾಟಕ

2018ರ ಮೇ ತಿಂಗಳಿನಲ್ಲಿ ಕೋಝಿಕ್ಕೋಡ್ ಜಿಲ್ಲೆಯ ಪೇರಾಂಬ್ರ ಸಮೀಪದ ಕುಟುಂಬವೊಂದರಲ್ಲಿ ಒಬ್ಬರ ಬೆನ್ನಿಗೊಬ್ಬರು ಜ್ವರಪೀಡಿತರಾದರು. ಕೋಝಿಕ್ಕೋಡಿನ ವೈದ್ಯರು ಸಂಶಯಗೊಂಡು ಕಳುಹಿಸಿದ ಮಾದರಿಗಳನ್ನು ನಮ್ಮ ಉಡುಪಿ ಜಿಲ್ಲೆಯ ಮಣಿಪಾಲದ ವೈರಾಣು ಸಂಶೋಧನಾ ಕೇಂದ್ರದಲ್ಲಿ ಪರೀಕ್ಷಿಸಿ ನಿಫಾ ಎಂದು ಗುರುತಿಸಲಾಯಿತು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯು ಅದನ್ನು ದೃಢೀಕರಿಸಿತು. ಎರಡನೆಯ ರೋಗಿಯ ಹಂತದಲ್ಲಿಯೇ ರೋಗ ಪತ್ತೆಯಾದುದರಿಂದ ಸಂಪರ್ಕಿತರಾದ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ನಿಗಾದಲ್ಲಿರಿಸಲು ಸಾಧ್ಯವಾಯಿತು. ಆದರೂ 17 ಮಂದಿ ಮೃತಪಟ್ಟರು. ಮೊದಲ ರೋಗಿಯನ್ನು ಶುಶ್ರೂಷೆ ಮಾಡಿದ ಪೇರಾಂಬ್ರ ತಾಲ್ಲೂಕು ಆಸ್ಪತ್ರೆಯ ಶುಶ್ರೂಷಕಿ ಲಿನಿ ಪುದುಶ್ಶೇರಿ ಅವರಲ್ಲಿ ಒಬ್ಬರು. ಉಳಿದವರಲ್ಲಿ ಬಹುತೇಕರಿಗೆ ಸೋಂಕು ತಗಲಿದ್ದು ಬಾವಲಿಯಿಂದಲ್ಲ. ಆಸ್ಪತ್ರೆಯ ವಾರ್ಡಿನಲ್ಲಿ ಮತ್ತು ಕಿರಿದಾದ ಪಡಸಾಲೆಯಲ್ಲಿ, ಕೆಮ್ಮುತ್ತಿದ್ದ ರೋಗಿಯ ಸಮೀಪವಿದ್ದುದರಿಂದ.

ಈ ಪ್ರಕರಣದಲ್ಲಿ ಮೊದಲು ಮೃತರ ಮನೆಯ ಬಾವಿಯಲ್ಲಿದ್ದ ಬಾವಲಿಗಳನ್ನು ಪರೀಕ್ಷಿಸಲಾಗಿತ್ತು. ಅವು ಕೀಟಗಳನ್ನು ತಿನ್ನುವ ಸಣ್ಣ ಬಾವಲಿಗಳಾಗಿದ್ದು ವೈರಾಣು ಕಂಡುಬರಲಿಲ್ಲ. ಬಾವಲಿಗೂ ರೋಗಕ್ಕೂ ಸಂಬಂಧವಿಲ್ಲವೆಂಬ ಸುದ್ದಿ ಕೂಡಲೇ ಹಬ್ಬಿತು. ನಂತರ ಅದೇ ಪ್ರದೇಶದ ಹಣ್ಣು ತಿನ್ನುವ ದೊಡ್ಡ ಬಾವಲಿಗಳನ್ನು ಪರೀಕ್ಷಿಸಿದಾಗ ವೈರಾಣು ಪತ್ತೆಯಾಯಿತು.

ಕೇರಳದಲ್ಲಿ 2019, 2021, 2023, 2024 ಮತ್ತು 2025ರಲ್ಲಿಯೂ ಪ್ರಕರಣಗಳು ವರದಿಯಾಗಿವೆ. 2023ರ ಸೆಪ್ಟೆಂಬರ್ ತಿಂಗಳಿನಲ್ಲಿ ನಮ್ಮ ರಾಜ್ಯವು ಸುತ್ತೋಲೆ ಹೊರಡಿಸಿ, ಕೇರಳದ ಬಾಧಿತ ಪ್ರದೇಶಗಳಿಗೆ ಅನಗತ್ಯ ಪ್ರಯಾಣ ಮಾಡದಿರಲು ಸೂಚಿಸಿತ್ತು. ಕೊಡಗು, ದಕ್ಷಿಣ ಕನ್ನಡ, ಚಾಮರಾಜನಗರ ಮತ್ತು ಮೈಸೂರು ಜಿಲ್ಲೆಗಳಲ್ಲಿ ಜ್ವರ ಪ್ರಕರಣಗಳ ನಿಗಾ ಹೆಚ್ಚಿಸಲಾಗಿತ್ತು. 2024ರ ಸೆಪ್ಟೆಂಬರ್‌ನಲ್ಲಿ ಮಲಪ್ಪುರಂ ಜಿಲ್ಲೆಯಲ್ಲಿ ಮೃತಪಟ್ಟ ಯುವಕರು ಬೆಂಗಳೂರಿನಲ್ಲಿ ವ್ಯಾಸಂಗ ಮಾಡುತ್ತಿದ್ದವರು. ಆದುದರಿಂದ ಅವರ ಸಂಪರ್ಕಿತರ ಪತ್ತೆ ಕಾರ್ಯ ಬೆಂಗಳೂರಿನಲ್ಲಿಯೂ ನಡೆಯಿತು. 2021ರಲ್ಲಿ ಮಂಗಳೂರಿನಲ್ಲಿ ವ್ಯಕ್ತಿಯೊಬ್ಬರು ತಮಗೆ ಸೋಂಕು ತಗಲಿರಬಹುದೆಂದು ತಾವೇ ಮುಂದೆ ಬಂದು ತಿಳಿಸಿದ್ದರು. ಪುಣೆಯಲ್ಲಿ ಪರೀಕ್ಷಿಸಿದಾಗ ಸೋಂಕು ಇಲ್ಲವೆಂದು ತಿಳಿಯಿತು. ಹೀಗೆ ತಾವಾಗಿಯೇ ತಿಳಿಸುವುದನ್ನು ಇಲಾಖೆಯು ಮೆಚ್ಚುತ್ತದೆಯೇ ಹೊರತು ಆಕ್ಷೇಪಿಸುವುದಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಪುಣೆಯ ಸಂಸ್ಥೆಯವರ ಸಮೀಕ್ಷೆಯಲ್ಲಿ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳ ಬಾವಲಿಗಳಲ್ಲಿ ಈ ವೈರಾಣುವಿನ ಕುರುಹುಗಳು ಕಂಡುಬಂದಿವೆ. ಬಾವಲಿಗಳಲ್ಲಿ ಕುರುಹು ಇದೆ ಎಂದಮಾತ್ರಕ್ಕೆ ಜನರಿಗೆ ರೋಗ ಬಂದಿದೆ ಎಂದರ್ಥವಲ್ಲ. ನಮ್ಮಲ್ಲಿಗೆ ಬರಲಾರದು ಎಂಬ ಧೈರ್ಯಕ್ಕೂ ಆಧಾರವಿಲ್ಲ.

ರೋಗಲಕ್ಷಣಗಳು

ಸೋಂಕು ತಗಲಿದ ಸಾಮಾನ್ಯವಾಗಿ 4ರಿಂದ 14 ದಿನಗಳಲ್ಲಿ ಜ್ವರ, ತಲೆನೋವು, ಮೈಕೈ ನೋವು, ವಾಂತಿ, ಗಂಟಲು ನೋವು ಕಾಣಿಸಿಕೊಳ್ಳುತ್ತವೆ. ಅಪರೂಪಕ್ಕೆ 45 ದಿನಗಳ ನಂತರವೂ ಕಾಣಿಸಿಕೊಂಡದ್ದುಂಟು. ಬಳಿಕ ಮಂಪರು, ತಲೆಸುತ್ತು, ಗೊಂದಲದ ಮಾತು, ಅಪಸ್ಮಾರ. ಕೆಲವರಲ್ಲಿ ಕೆಮ್ಮು ಮತ್ತು ಉಸಿರಾಟದ ತೊಂದರೆ. ಉಲ್ಬಣಿಸಿದಲ್ಲಿ ಒಂದೆರಡು ದಿನಗಳಲ್ಲಿಯೇ ಪ್ರಜ್ಞೆ ತಪ್ಪಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಸೋಂಕಿತರಲ್ಲಿ ಶೇಕಡಾ 40ರಿಂದ 75 ಮಂದಿ ಮೃತಪಡುತ್ತಾರೆ. ಅನುಮೋದಿತ ಲಸಿಕೆಯಾಗಲೀ ನಿರ್ದಿಷ್ಟ ಔಷಧಿಯಾಗಲೀ ಇಲ್ಲ. ಕೆಲವು ಲಸಿಕೆಗಳು ಪ್ರಯೋಗದ ಹಂತದಲ್ಲಿವೆ. ತೀವ್ರ ನಿಗಾ ಘಟಕದ ಆರೈಕೆಯೇ ಸದ್ಯದ ಚಿಕಿತ್ಸೆ. ನಿಫಾಕ್ಕೆ ಔಷಧಿ ಇದೆಯೆಂದು ಮಾರುವವರನ್ನು ನಂಬಬಾರದು.

ಸಾರ್ವಜನಿಕರು ವಹಿಸಬೇಕಾದ ಎಚ್ಚರಿಕೆ

ಕಚ್ಚಿದ ಗುರುತು ಇರುವ ಅಥವಾ ನೆಲಕ್ಕೆ ಬಿದ್ದ ಹಣ್ಣನ್ನು ತಿನ್ನಬಾರದು. ಕಚ್ಚಿದ ಭಾಗವನ್ನು ಕತ್ತರಿಸಿ ಉಳಿದುದನ್ನು ಮಕ್ಕಳಿಗೆ ಕೊಡುವ ರೂಢಿ ಹಲವು ಮನೆಗಳಲ್ಲಿದೆ, ಇದನ್ನು ಬಿಡಬೇಕು. ಇಡಿಯಾಗಿರುವ ಹಣ್ಣನ್ನು ಚೆನ್ನಾಗಿ ತೊಳೆದು ಸಿಪ್ಪೆ ತೆಗೆದು ತಿನ್ನಲು ಅಡ್ಡಿಯಿಲ್ಲ. ಹಣ್ಣಿನ ವ್ಯಾಪಾರವನ್ನೇ ಬಹಿಷ್ಕರಿಸಬೇಕಾದ ಅಗತ್ಯವೂ ಇಲ್ಲ. ಕಚ್ಚಿದ ಹಣ್ಣುಗಳನ್ನು ಹಂದಿ, ದನ, ಕುರಿಗಳಿಗೆ ಹಾಕದೆ ಗುಂಡಿ ತೋಡಿ ಮುಚ್ಚಬೇಕು. ಗೇರು ತೋಟಗಳಲ್ಲಿ ಬಿದ್ದ ಹಣ್ಣನ್ನೂ ಬೀಜವನ್ನೂ ಆಯುವವರು ಕೈಗವಸು ಧರಿಸಿ, ಕೆಲಸ ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯಬೇಕು. ಈ ವೈರಾಣುವಿನ ಹೊರಕವಚವು ಕೊಬ್ಬಿನಿಂದ ಕೂಡಿದ್ದು, ಸಾಮಾನ್ಯ ಸಾಬೂನೇ ಅದನ್ನು ಒಡೆಯುತ್ತದೆ.

ತೆರೆದ ಮಡಕೆಯಲ್ಲಿ ಇಳಿಸಿದ ಈಚಲು ಅಥವಾ ತೆಂಗಿನ ನೀರಾವನ್ನು ಹಸಿಯಾಗಿ ಸೇವಿಸಬಾರದು. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ರೂಪಿಸಿರುವ, ಮುಚ್ಚಿದ ಮಂಜುಗಡ್ಡೆ ಪೆಟ್ಟಿಗೆಯಲ್ಲಿ ರಸ ಸಂಗ್ರಹಿಸುವ ವಿಧಾನದಲ್ಲಿ ಬಾವಲಿಯ ಸ್ಪರ್ಶಕ್ಕೆ ಆಸ್ಪದ ಕಡಿಮೆ. ತೆರೆದ ಬಾವಿಗಳಿಗೆ ಬಲೆ ಹೊದಿಸಿ, ಕುಡಿಯುವ ನೀರನ್ನು ಕುದಿಸಿ ಉಪಯೋಗಿಸುವುದು ಒಳಿತು.

ಜ್ವರದ ರೋಗಿಯನ್ನು ಆರೈಕೆ ಮಾಡುವವರು ಮುಖಗವಸು ಧರಿಸಬೇಕು. ನಿಫಾ ಶಂಕಿತರು ಮೃತಪಟ್ಟಲ್ಲಿ, ಶವಕ್ಕೆ ಸ್ನಾನ ಮಾಡಿಸುವುದು ಮೊದಲಾದ ಸಂಸ್ಕಾರಗಳನ್ನು ಆರೋಗ್ಯ ಸಿಬ್ಬಂದಿಯ ಮಾರ್ಗದರ್ಶನದಲ್ಲಿ ಮಾತ್ರ ನೆರವೇರಿಸಬೇಕು. ದುಃಖದ ವೇಳೆಯಲ್ಲಿ ಇದು ಕಠಿಣವೆನಿಸುತ್ತದೆ ಎಂಬ ಅರಿವು ಇಲಾಖೆಗೆ ಇದೆ.

ಬಾವಲಿಗಳನ್ನು ಓಡಿಸುವ ಅಥವಾ ಕೊಲ್ಲುವ ಕೋರಿಕೆಗಳ ಬಗ್ಗೆ

ಇಂತಹ ಕೋರಿಕೆಗಳನ್ನು ಪುರಸ್ಕರಿಸಲಾಗುವುದಿಲ್ಲ. ಕಾನೂನಿನ ಕಾರಣ ಒಂದಾದರೆ, ಅದಕ್ಕಿಂತ ಮುಖ್ಯವಾದದ್ದು ಅನುಭವದ ಕಾರಣ.

ಉಗಾಂಡದ ಕಿಟಾಕ ಎಂಬ ಗಣಿಯಲ್ಲಿ 2007ರಲ್ಲಿ ಕಾರ್ಮಿಕರಿಗೆ ಬಾವಲಿಗಳಿಂದ ಮಾರ್ಬರ್ಗ್ ಎಂಬ ಮಾರಕ ವೈರಾಣು ತಗಲಿತು. ಭಯಗೊಂಡ ಜನರು ಗಣಿಯಲ್ಲಿದ್ದ ಸಹಸ್ರಾರು ಬಾವಲಿಗಳನ್ನು ನಿರ್ನಾಮ ಮಾಡಿದರು. ಕೆಲ ವರ್ಷಗಳಲ್ಲಿ ಹೊಸ ಬಾವಲಿಗಳು ಬಂದು ಸೇರಿದವು. 2012ರಲ್ಲಿ ಸಮೀಪದ ಇಬಾಂಡ ಪಟ್ಟಣದಲ್ಲಿ ರೋಗ ಮತ್ತೆ ಕಾಣಿಸಿಕೊಂಡಾಗ ವಿಜ್ಞಾನಿಗಳು ಗಣಿಯ ಬಾವಲಿಗಳನ್ನು ಪರೀಕ್ಷಿಸಿದರು. ಹಿಂದೆ ಶೇಕಡಾ 5ರಷ್ಟಿದ್ದ ಸೋಂಕು ಶೇಕಡಾ 13ಕ್ಕೆ ಏರಿತ್ತು. ಹಳೆಯ ಬಾವಲಿಗಳಲ್ಲಿ ಅನೇಕವು ಸೋಂಕನ್ನು ದಾಟಿ ಪ್ರತಿರೋಧ ಶಕ್ತಿ ಪಡೆದಿರುತ್ತವೆ. ಅವುಗಳನ್ನು ಕೊಂದಾಗ ಅವುಗಳ ಸ್ಥಾನಕ್ಕೆ ಸೋಂಕಿಗೆ ಸುಲಭವಾಗಿ ತುತ್ತಾಗುವ ಹೊಸ ಬಾವಲಿಗಳು ಬರುತ್ತವೆ.

ಆಸ್ಟ್ರೇಲಿಯಾದಲ್ಲಿ ಹೆಂಡ್ರಾ ವೈರಾಣುವಿನ ಬಗ್ಗೆ ನಡೆದು 2022ರಲ್ಲಿ ಪ್ರಕಟವಾದ ದೀರ್ಘಾವಧಿಯ ಅಧ್ಯಯನವೂ ಇದನ್ನೇ ಬೇರೊಂದು ಬಗೆಯಲ್ಲಿ ತೋರಿಸುತ್ತದೆ. ಚಳಿಗಾಲದಲ್ಲಿ ಹೂ ಬಿಡುವ ಕಾಡು ನಾಶವಾಗಿ ಆಹಾರದ ಕೊರತೆಯುಂಟಾದಾಗ ಬಾವಲಿಗಳು ಊರು ಮತ್ತು ಹೊಲಗಳ ಕಡೆಗೆ ಬಂದವು. ಕುದುರೆಗಳಿಗೆ ಸೋಂಕು ತಗಲಿದ್ದು ಹೆಚ್ಚಾಗಿ ಅಂತಹ ಸಂದರ್ಭದಲ್ಲಿ. ಉಳಿದ ಕಾಡು ಸಮೃದ್ಧವಾಗಿ ಹೂ ಬಿಟ್ಟ ಚಳಿಗಾಲಗಳಲ್ಲಿ ಬಾವಲಿಗಳು ಅಲ್ಲಿಯೇ ಉಳಿದವು, ಸೋಂಕೂ ಕಾಣಲಿಲ್ಲ. ಒಂದು ಊರಿನ ಮರ ಕಡಿದರೆ ಬಾವಲಿಗಳು ಇಲ್ಲವಾಗುವುದಿಲ್ಲ; ಹಸಿದು ಬಳಲಿ ಪಕ್ಕದ ಊರಿಗೆ ಹೋಗುತ್ತವೆ.

ಕಾನೂನಿನ ಸ್ಥಿತಿಯೂ ಬದಲಾಗಿದೆ. 1972ರ ವನ್ಯಜೀವಿ (ಸಂರಕ್ಷಣೆ) ಅಧಿನಿಯಮದಲ್ಲಿ ಹಣ್ಣು ತಿನ್ನುವ ಬಾವಲಿಗಳನ್ನು ದೀರ್ಘಕಾಲ ಕಾಗೆ, ಇಲಿಗಳೊಂದಿಗೆ ಉಪದ್ರವಕಾರಿ ಪ್ರಾಣಿಗಳ ಅನುಸೂಚಿಯಲ್ಲಿ ಇರಿಸಲಾಗಿತ್ತು. 2022ರ ತಿದ್ದುಪಡಿಯ ಮೂಲಕ ಆ ಅನುಸೂಚಿಯನ್ನೇ ಕೈಬಿಡಲಾಗಿದ್ದು, ಅದು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಳೆಯ ನಿಯಮವನ್ನು ಉಲ್ಲೇಖಿಸಿ ಬರೆಯುವ ಅರ್ಜಿಗಳಿಗೆ ಬಲವಿಲ್ಲ. ಖಾಸಗಿ ಜಮೀನಿನಲ್ಲಿರುವ ಮರವನ್ನು ಕಡಿಯುವುದಕ್ಕೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮವು ಅನ್ವಯಿಸುವೆಡೆ ವೃಕ್ಷಾಧಿಕಾರಿಗಳ ಪೂರ್ವಾನುಮತಿ ಅವಶ್ಯಕ. ಬಾವಲಿಗಳು ಪರಾಗಸ್ಪರ್ಶ, ಬೀಜಪ್ರಸಾರ ಮತ್ತು ಕೀಟನಿಯಂತ್ರಣದಿಂದ ರೈತರಿಗೆ ಮಾಡುವ ಉಪಕಾರವೂ ಅಲ್ಪವಲ್ಲ. ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಗುಹೆಯಲ್ಲಿರುವ ಒಂದು ಬಾವಲಿ ಪ್ರಭೇದವಂತೂ ಅಳಿವಿನ ಅಂಚಿನಲ್ಲಿದೆ.

ಅರ್ಜಿ ಮತ್ತು ಮಾಹಿತಿ ಸಲ್ಲಿಸುವ ಬಗ್ಗೆ

ಒಂದೇ ಸ್ಥಳದಲ್ಲಿ ಹಲವು ಬಾವಲಿಗಳು ಸತ್ತು ಬಿದ್ದಿದ್ದಲ್ಲಿ ಅಥವಾ ಹಂದಿಗಳು ಕೆಮ್ಮು ಹಾಗೂ ನಡುಕದಿಂದ ನರಳಿ ಸಾಯುತ್ತಿದ್ದಲ್ಲಿ ಸಮೀಪದ ಪಶುವೈದ್ಯ ಸಂಸ್ಥೆಗೆ ಕೂಡಲೇ ತಿಳಿಸಬೇಕು. ಬಾಯಿಮಾತಿನ ಅಥವಾ ದೂರವಾಣಿಯ ಮಾಹಿತಿಯೇ ಸಾಕು. ಲಿಖಿತ ಅರ್ಜಿಗಾಗಿ ತಡ ಮಾಡಬಾರದು. ಸತ್ತ ಪ್ರಾಣಿಯನ್ನು ಮುಟ್ಟುವುದು, ಚೀಲದಲ್ಲಿ ಹಾಕಿ ಕಚೇರಿಗೆ ತರುವುದು ಸಲ್ಲದು. ಹಂದಿಗಳು ಸಾಯಲಾರಂಭಿಸಿದೊಡನೆ ಉಳಿದವನ್ನು ಮಾರಿ ನಷ್ಟ ತಪ್ಪಿಸಿಕೊಳ್ಳುವ ಆಲೋಚನೆ ಸಾಕಣೆದಾರರಿಗೆ ಬರಬಹುದು. ಮಲೇಷ್ಯಾದಲ್ಲಿ ರೋಗವು ರಾಜ್ಯದಿಂದ ರಾಜ್ಯಕ್ಕೆ ಹೋದದ್ದು ಹೀಗೆಯೇ. ಪರೀಕ್ಷಾ ವರದಿ ಬರುವವರೆಗೆ ಹಂದಿಗಳನ್ನು ಸಾಗಿಸಬಾರದು.

ಹೊಸದಾಗಿ ಹಂದಿ ಸಾಕಣೆಗೆ ಸಹಾಯ ಕೋರಿ ಅರ್ಜಿ ಸಲ್ಲಿಸುವವರು ದೊಡ್ಡಿಯ ನಕ್ಷೆಯಲ್ಲಿ ಸುತ್ತಲಿನ ಹಣ್ಣಿನ ಮರಗಳನ್ನು ಗುರುತಿಸಿ ತೋರಿಸುವುದು ಅಪೇಕ್ಷಣೀಯ. ಮರದ ಕೊಂಬೆ ದೊಡ್ಡಿಯ ಮೇಲೆ ಚಾಚದಂತೆ, ಚಾವಣಿಯ ನೀರು ದೊಡ್ಡಿಯೊಳಗೆ ಬೀಳದಂತೆ ನೋಡಿಕೊಂಡರೆ ಮರವನ್ನು ತೆಗೆಯಬೇಕಾದ ಪ್ರಸಂಗವೇ ಬರುವುದಿಲ್ಲ.

ಮನುಷ್ಯರ ನಿಫಾ ಪರೀಕ್ಷೆಯನ್ನು ವ್ಯಕ್ತಿಗಳ ಖಾಸಗಿ ಕೋರಿಕೆಯ ಮೇರೆಗೆ ನಡೆಸಲಾಗುವುದಿಲ್ಲ. ವೈದ್ಯರು ಶಂಕಿಸಿದಲ್ಲಿ ಜಿಲ್ಲಾ ರೋಗ ಸರ್ವೇಕ್ಷಣಾ ಘಟಕದ ಮೂಲಕ ಮಾದರಿಗಳನ್ನು ಗೊತ್ತುಪಡಿಸಿದ ಪ್ರಯೋಗಾಲಯಕ್ಕೆ ಕಳುಹಿಸಲಾಗುವುದು. ಜ್ವರದೊಂದಿಗೆ ಮಂಪರು ಅಥವಾ ಗೊಂದಲವಿದ್ದು, ಕಳೆದ ಮೂರು ವಾರಗಳಲ್ಲಿ ಬಾಧಿತ ಪ್ರದೇಶಕ್ಕೆ ಹೋಗಿದ್ದಲ್ಲಿ, ಅಂತಹ ರೋಗಿಯ ಆರೈಕೆ ಮಾಡಿದ್ದಲ್ಲಿ ಅಥವಾ ಬಾವಲಿ ಕಚ್ಚಿದ ಹಣ್ಣು ತಿಂದಿದ್ದಲ್ಲಿ, ಆ ಸಂಗತಿಯನ್ನು ವೈದ್ಯರು ಕೇಳುವ ಮೊದಲೇ ತಿಳಿಸಬೇಕು. ಆಸ್ಪತ್ರೆಗೆ ಸಾಗಿಸಲು 108 ಆಂಬುಲೆನ್ಸ್ ಸೇವೆಯನ್ನು ಕರೆಯುವಾಗಲೂ ಇದನ್ನು ಹೇಳಿದರೆ ಸಿಬ್ಬಂದಿ ಸೂಕ್ತ ರಕ್ಷಣಾ ಉಡುಪು ಧರಿಸಿ ಬರಲು ಅನುಕೂಲವಾಗುತ್ತದೆ.

ಬಾವಲಿ ಕಚ್ಚಿದಲ್ಲಿ ಅಥವಾ ಪರಚಿದಲ್ಲಿ ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆದು, ಅಂದೇ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಗಾಯಕ್ಕೆ ಅರಿಶಿನ, ಸುಣ್ಣ ಮುಂತಾದವನ್ನು ಹಚ್ಚಬಾರದು.